ಸುಡುವುದೋ, ನೆನೆಸುವುದೋ: ಬಳಸಿದ ಇದ್ದಿಲಿನಿಂದ ಪಲ್ಲೇಡಿಯಂ

ಮುಂಬೈ ಬಳಿಯ ತಳೋಜಾದಲ್ಲಿ ನಾನು ಕೆಲಸ ಮಾಡುವ ಔಷಧ ಪ್ರಯೋಗಾಲಯದಲ್ಲಿ ಹೈಡ್ರೋಜನೀಕರಣ (ಅಣುಗಳಿಗೆ ಹೈಡ್ರೋಜನ್ ಸೇರಿಸುವ ಕ್ರಿಯೆ) ಮುಗಿದ ಮೇಲೆ ಸೋಸಿ ಉಳಿಯುವ ಕಪ್ಪು ಕೆಸರನ್ನು ಮೊದಲೆಲ್ಲ ಡ್ರಮ್ಮಿಗೆ ತುಂಬಿ ಸಾಗಹಾಕುತ್ತಿದ್ದೆವು. ಆ ಕೆಸರೆಂದರೆ ಬಳಸಿದ ಪಲ್ಲೇಡಿಯಂ ಇದ್ದಿಲು, ಅಂದರೆ ಕ್ರಿಯೆಯನ್ನು ಚುರುಕುಗೊಳಿಸಲು ಪಲ್ಲೇಡಿಯಂ ಎಂಬ ದುಬಾರಿ ಲೋಹವನ್ನು ಹರಡಿದ ಇದ್ದಿಲಿನ ಪುಡಿ. ಶೇಕಡಾ 10ರ ಪಲ್ಲೇಡಿಯಂ ಇದ್ದಿಲು ಅರ್ಧ ತೂಕದಷ್ಟು ನೀರಿನೊಂದಿಗೇ ಬರುವುದರಿಂದ ಅದರ 100 ಗ್ರಾಮಿನಲ್ಲಿ 5 ಗ್ರಾಂ ಲೋಹವಿರುತ್ತದೆ. ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ಲೋಹವನ್ನು ಮರಳಿ ಪಡೆಯುವ ಎರಡು ವಿಧಾನಗಳನ್ನು ಸಣ್ಣ ಪ್ರಮಾಣದಲ್ಲಿ ನಾನೇ ಮಾಡಿ ನೋಡಿದೆ.

ಸುಡುವುದು ಕೇಳಲು ಸುಲಭ. ಆದರೆ ಕ್ರಿಯೆಯ ದ್ರಾವಕವಾದ ಮೆಥನಾಲನ್ನು ಹೀರಿಕೊಂಡ ಕೆಸರು ಸೋಸುಕಾಗದದ ಅಂಚಿನಲ್ಲಿ ಒಣಗಿದರೆ ಸಾಕು, ಗಾಳಿ ತಾಗಿ ತಾನೇ ಕೆಂಡವಾಗುತ್ತದೆ. ಒಮ್ಮೆ ಹಾಗೆ ಕಿಡಿ ಹೊಳೆದದ್ದನ್ನು ಕಂಡಂದಿನಿಂದ ನೀರಿನಲ್ಲಿ ಚೆನ್ನಾಗಿ ತೊಳೆಯದೆ ಅದನ್ನು ಕುಲುಮೆಯ ಹತ್ತಿರಕ್ಕೂ ಒಯ್ಯುವುದಿಲ್ಲ. ಇದ್ದಿಲು ಉರಿದು ಉಳಿದ ಬೂದಿಯನ್ನು ಆಕ್ವಾ ರೀಜಿಯಾಕ್ಕೆ (ನೈಟ್ರಿಕ್ ಮತ್ತು ಹೈಡ್ರೊಕ್ಲೋರಿಕ್ ಆಮ್ಲಗಳ ಮಿಶ್ರಣ) ಹಾಕಿದಾಗ ಮೊದಲ ಸಲ ಹೆಚ್ಚಿನ ಪಾಲು ಕರಗದೆ ಬೀಕರಿನ ತಳದಲ್ಲಿಯೇ ಕುಳಿತಿತು, ಏಕೆಂದರೆ ಗಾಳಿಯಲ್ಲಿ ಕಾದ ಪಲ್ಲೇಡಿಯಂ ಆಕ್ಸೈಡ್ ಆಗಿರುತ್ತದೆ. ಫಾರ್ಮಿಕ್ ಆಮ್ಲದಲ್ಲಿ ಕುದಿಸಿ ಮತ್ತೆ ಲೋಹವಾಗಿಸಿದ ಮೇಲೆ ಅದು ಕೆಂಗಂದು ಬಣ್ಣಕ್ಕೆ ಕರಗಿತು. ಆಮೇಲೆ ಹೈಡ್ರೊಕ್ಲೋರಿಕ್ ಆಮ್ಲ ಹಾಕಿ ಹಾಕಿ ಇಂಗಿಸಿ ನೈಟ್ರಿಕ್ ಆಮ್ಲವನ್ನು ಓಡಿಸಬೇಕು. ಆ ಕಂದು ಹೊಗೆಗೆ ಒಳ್ಳೆಯ ಫ್ಯೂಮ್ ಹುಡ್ (ವಿಷದ ಹೊಗೆಯನ್ನು ಹೀರಿ ಹೊರಹಾಕುವ ಗೂಡು) ಇಲ್ಲದಿದ್ದರೆ ಈ ದಾರಿಗೆ ಇಳಿಯಲೇಬಾರದು.

ಸುಡದೆ, ಬಿಸಿ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಇದ್ದಿಲನ್ನು ನೆನೆಸಿ ಹೈಡ್ರೋಜನ್ ಪೆರಾಕ್ಸೈಡನ್ನು ಹನಿಹನಿಯಾಗಿ ಬಿಡುವುದು ಎರಡನೆಯ ವಿಧಾನ. ಕುಲುಮೆ ಬೇಡ, ಕಂದು ಹೊಗೆಯೂ ಇಲ್ಲ, ಆದರೆ ಕ್ಲೋರಿನ್ ಏಳುತ್ತದೆ. ಇದ್ದಿಲೇ ಪೆರಾಕ್ಸೈಡನ್ನು ಒಡೆದು ವ್ಯರ್ಥ ಮಾಡುತ್ತದೆ ಎಂಬುದನ್ನು ಅವಸರಪಟ್ಟು ಸುರಿದ ದಿನ ನೊರೆ ಅಂಚು ಮೀರಿ ಉಕ್ಕಿದಾಗ ಕಲಿತೆ. ದ್ರಾವಕದ ಪಸೆ ಉಳಿದಿದ್ದರೆ ಪೆರಾಕ್ಸೈಡಿನ ಜೊತೆ ಅದು ನಿಜವಾದ ಅಪಾಯ. ಇನ್ನೊಂದು ತೊಡಕೆಂದರೆ, ಕರಗಿದ ಪಲ್ಲೇಡಿಯಮ್ಮನ್ನು ಇದ್ದಿಲು ಮತ್ತೆ ಹೀರಿಕೊಂಡು ಬಿಡಲೊಲ್ಲದು. ಬಿಸಿ ಆಮ್ಲದಲ್ಲಿ ನಾಲ್ಕೈದು ಸಲ ತೊಳೆದರೂ ಸ್ವಲ್ಪ ಅದರಲ್ಲೇ ಉಳಿಯುತ್ತದೆ.

ಮುಂದಿನ ಹಂತ ಎರಡಕ್ಕೂ ಒಂದೇ. ಅಮೋನಿಯಾ ಹಾಕಿ ತಿಳಿಯಾದ ದ್ರಾವಣವನ್ನು ಸೋಸಿ ಆಮ್ಲ ಬಿಟ್ಟರೆ ಅರಿಸಿನ ಕದಡಿದಂತೆ ಪಲ್ಲೇಡಿಯಂ ಲವಣದ ಹಳದಿ ಪುಡಿ ತಳಕ್ಕಿಳಿಯುತ್ತದೆ. ಆ ಪುಡಿ ಸುಟ್ಟ ಕಂತಿನಲ್ಲಿಯೇ ಪ್ರತಿಸಲವೂ ಹೆಚ್ಚು ಸಿಕ್ಕಿತು.

ಆದರೂ ಜಿಗುಟಿಲ್ಲದ ಸಣ್ಣ ಕಂತುಗಳಿಗೆ ನಾನು ನೆನೆಸುವುದನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ತೊಳೆದ ಇದ್ದಿಲನ್ನು ಆಮೇಲೂ ಸುಡಬಹುದು. ಟಾರು ಮೆತ್ತಿಕೊಂಡ ಕೆಸರಿನೊಳಕ್ಕೆ ಮಾತ್ರ ಆಮ್ಲ ಇಳಿಯುವುದೇ ಇಲ್ಲ. ಅದು ನೇರವಾಗಿ ಕುಲುಮೆಗೆ ಹೋಗುತ್ತದೆ.