ಸಾವಿರ ಡಾಲರ್ ಆಸುಪಾಸಿನ ಆಟೋ ಕೋವಿ: ಮೂರರಲ್ಲಿ ನಾನು ಇಟ್ಟುಕೊಂಡಿದ್ದು

ಆಟೋ ಅಂದರೆ ಒಂದು ಈಡು ಹಾರಿದ ಮೇಲೆ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಕೋವಿ. ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಉಳಿದಿರುವುದು ಮಾಸ್‌ಬರ್ಗ್ 940 ಪ್ರೋ ಟ್ಯಾಕ್ಟಿಕಲ್. ಬೆರೆಟಾ ಎ300 ಅಲ್ಟಿಮಾ ಪಟ್ರೋಲ್ ಕೂಡ ಅಷ್ಟೇ ಒಳ್ಳೆಯ ಕೋವಿ, ನನ್ನ ಕೈಗೆ ಮಾತ್ರ ಒಗ್ಗಲಿಲ್ಲ. ಮೂರನೆಯದು ಟರ್ಕಿಯಲ್ಲಿ ತಯಾರಾದ, 400 ಡಾಲರ್ ಆಸುಪಾಸಿನ, ಒದೆತದಿಂದಲೇ ಓಡುವ ಇನರ್ಷಿಯಾ ಕೋವಿ. ಹೆಸರು ಬೇಡ. ಕೊನ್ಯಾ ಪ್ರಾಂತ್ಯದ ಹುಗ್ಲು, ಉಜುಮ್ಲು ಕಡೆಯಿಂದ ಇಂಥವು ಬೇರೆ ಬೇರೆ ಮುದ್ರೆ ಹೊತ್ತು ಅಮೆರಿಕದ ಅಂಗಡಿಗಳಿಗೆ ಬರುತ್ತವೆ, ಚೆನ್ನಾಗಿರುವವೂ ಇವೆ. ನಾನು ಮೊದಲು ಕೊಂಡಿದ್ದು ಅದನ್ನೇ, ಮಾರಿದ್ದೂ ಅದನ್ನೇ.

ನಾವಿರುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ. ರಜೆ ಸಿಕ್ಕಾಗ ಸ್ಕೀಟ್, ಅಂದರೆ ಯಂತ್ರ ಹಾರಿಸುವ ಕಿತ್ತಳೆ ಬಣ್ಣದ ಬಿಲ್ಲೆಗಳನ್ನು ಗಾಳಿಯಲ್ಲೇ ಹೊಡೆಯುವ ಆಟ. ಒಂದು ಸುತ್ತಿಗೆ 25 ತೋಟಾ ಬೇಕು. ಸೆಪ್ಟೆಂಬರಿನಲ್ಲಿ ಬೆಳವದ ಬೇಟೆ. ಉಳಿದ ದಿನ ಕೋವಿ ಬೀಗದ ಪೆಟ್ಟಿಗೆಯಲ್ಲಿ, ರಾತ್ರಿ ಏನಾದರೂ ಆದರೆ ಇರಲಿ ಅಂತ. ಈ ಮೂರಕ್ಕೂ ಒಂದೇ ಕೋವಿ ಆಗಬೇಕು ಅನ್ನೋದು ನನ್ನ ಹಟ. ಸ್ಕೀಟಿಗೆ ಉದ್ದ ನಳಿಗೆ ತರದೆ 18.5 ಇಂಚಿನದನ್ನು ಹಿಡಿದು ನಿಂತರೆ ಪಕ್ಕದವರು ನಗುತ್ತಾರೆ. ನಗಲಿ, ಬಿಲ್ಲೆ ಒಡೆದರೆ ಸಾಕು.

ಇನರ್ಷಿಯಾ ಕೋವಿ ಓಡುವುದು ತನ್ನದೇ ಒದೆತದ ಮೇಲೆ. ಈಡು ಹಾರಿದಾಗ ಇಡೀ ಕೋವಿ ಹಿಂದಕ್ಕೆ ಬರುತ್ತದೆ, ನಳಿಗೆಯ ಹಿಂಬಾಯಿ ಮುಚ್ಚುವ ಭಾರದ ಬೋಲ್ಟ್ ಮಾತ್ರ ಒಂದು ಕ್ಷಣ ಇದ್ದಲ್ಲೇ ಇರುತ್ತದೆ. ನಡುವಿನ ಗಟ್ಟಿ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ, ಬಿಚ್ಚಿಕೊಳ್ಳುವಾಗ ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಖಾಲಿ ತೋಟಾ ಹೊರಗೆ, ಹೊಸದು ಒಳಗೆ. ಇಟಲಿಯ ಬೆನೆಲ್ಲಿ ಕಂಪನಿ ಹೆಸರುವಾಸಿ ಮಾಡಿದ ವಿಧಾನ ಇದು. ಗ್ಯಾಸ್ ಕೋವಿಯ ದಾರಿ ಬೇರೆ. ನಳಿಗೆಯಲ್ಲಿನ ತೂತಿನಿಂದ ಮದ್ದಿನ ಅನಿಲದ ಒತ್ತಡವನ್ನು ಸ್ವಲ್ಪ ಎಳೆದುಕೊಂಡು ಪಿಸ್ಟನ್ ತಳ್ಳುತ್ತದೆ. ಮಾಸ್‌ಬರ್ಗ್, ಬೆರೆಟಾ ಎರಡೂ ಈ ಜಾತಿಯವು.

ಇನರ್ಷಿಯಾದ ಗುಣ ದೊಡ್ಡದೇ. ಮಸಿ ಒಳಗೆ ಅಷ್ಟಾಗಿ ಸೇರುವುದಿಲ್ಲ, ಒರೆಸಿಟ್ಟರೆ ಆಯಿತು. ಹೊರೆಯೂ ಕಡಿಮೆ, ದಿನವಿಡೀ ಹೊಲದ ಬದುವಿನಲ್ಲಿ ಹೊತ್ತು ತಿರುಗಬಹುದು. ಇಷ್ಟು ಕೇಳಿದರೆ ಯಾರಿಗಾದರೂ ಅದೇ ಬೇಕು ಅನಿಸುತ್ತದೆ ಅಲ್ವಾ?

ನನ್ನ ಸಿಟ್ಟೆಲ್ಲ ಒಂದು ಸದ್ದಿನ ಮೇಲೆ. ಬೆಳವದ ಬೇಟೆಗೆ ಹೋದಾಗ ಬೇಲಿ ಪಕ್ಕ ಕುಳಿತು ತೋಟಾ ತುಂಬಿದೆ. ಬೋಲ್ಟ್ ಬಿಟ್ಟರೆ ಖಟಾರ್ ಎಂದು ಬಡಿಯುತ್ತದೆ, ಹಕ್ಕಿ ಬೆದರುತ್ತದೆ. ಅದಕ್ಕೆ ಬೋಲ್ಟಿನ ಹಿಡಿಕೆಯನ್ನು ಬೆರಳಿನಲ್ಲಿ ತಡೆದು ಮೆಲ್ಲಗೆ ಮುಂದಕ್ಕೆ ಬಿಟ್ಟೆ. ನೋಡಲು ಪೂರ್ತಿ ಮುಚ್ಚಿದ ಹಾಗೇ ಇತ್ತು. ಹಕ್ಕಿ ಬಂತು, ಗುರಿ ಹಿಡಿದೆ, ಕುದುರೆ ಎಳೆದೆ. ಕ್ಲಿಕ್. ಅಷ್ಟೇ. ಹಕ್ಕಿ ಹೋಯಿತು.

ಆಗುವುದು ಇಷ್ಟು: ಬೋಲ್ಟಿನ ತಲೆ ಕೊನೆಯಲ್ಲಿ ಸ್ವಲ್ಪ ತಿರುಗಿ ನಳಿಗೆಗೆ ಕಚ್ಚಿಕೊಳ್ಳಬೇಕು. ಒಳಗಿನ ಸ್ಪ್ರಿಂಗ್ ಆ ತಿರುಗುವಿಕೆಗೆ ಅಡ್ಡ ಬರುತ್ತದೆ, ಹಾಗಾಗಿ ಬೋಲ್ಟ್ ರಭಸದಿಂದ ಬಂದರೆ ಮಾತ್ರ ಪೂರ್ತಿ ಕಚ್ಚುತ್ತದೆ. ಮೆಲ್ಲಗೆ ಬಿಟ್ಟರೆ ಕೂದಲೆಳೆಯಷ್ಟು ಹಿಂದೆ ನಿಲ್ಲುತ್ತದೆ. ಒಳಗಿನ ಸುತ್ತಿಗೆ ಬೀಳುತ್ತದೆ, ಈಡು ಹಾರುವುದಿಲ್ಲ. ಮೆಲ್ಲಗೆ ಬಿಟ್ಟಾಗ ಮಾತ್ರ ಅಂತಲೂ ಅಲ್ಲ. ಕೋವಿಯ ಬುಡ ನೆಲಕ್ಕೆ ಜೋರಾಗಿ ತಗುಲಿದರೂ, ಬೋಲ್ಟಿನ ಹಿಡಿಕೆ ಚೀಲದ ಪಟ್ಟಿಗೆ ಸಿಕ್ಕಿದರೂ ಹೀಗಾಗಬಹುದು. ಆಮೇಲೆ ಬೋಲ್ಟ್ ಎಳೆದು ಮತ್ತೆ ಬಿಡಬೇಕು, ಒಳಗಿದ್ದ ಒಳ್ಳೆಯ ತೋಟಾ ಹುಲ್ಲಿಗೆ ಬೀಳುತ್ತದೆ. ಹೊಸ ವಿನ್ಯಾಸದ ದುಬಾರಿ ಕೋವಿಗಳಲ್ಲಿ ಇದಕ್ಕೆ ಮದ್ದು ಹುಡುಕಿದ್ದಾರೆ. ನನ್ನದು ಹಳೆಯ ವಿನ್ಯಾಸದ್ದು.

ಬೇಟೆಯಲ್ಲಿ ಹಕ್ಕಿ ತಪ್ಪಿದರೆ ಸುಮ್ನೆ ಮನೆಗೆ ಬರಬಹುದು. ರಾತ್ರಿ ಎರಡು ಗಂಟೆಗೆ ಹಿತ್ತಲ ಬಾಗಿಲ ಹತ್ತಿರ ಸದ್ದಾದರೆ? ಆಗ ಯಾರಾದರೂ ಸದ್ದಿಲ್ಲದೆ ಕೋವಿ ತುಂಬಲು ನೋಡುತ್ತಾರೆ. ಬೋಲ್ಟನ್ನು ಮೆಲ್ಲಗೆ ಬಿಡುವುದು ಸರಿಯಾಗಿ ಅಂಥ ಹೊತ್ತಿನಲ್ಲೇ. ನಾನು ಅಭ್ಯಾಸ ಮಾಡಿಕೊಂಡರೂ ನನ್ನ ಹೆಂಡತಿ ಅಷ್ಟು ಹೊತ್ತಿನಲ್ಲಿ ಅದನ್ನೆಲ್ಲ ನೆನಪಿಟ್ಟುಕೊಳ್ಳಬೇಕಾ?

ಸಾಲದ್ದಕ್ಕೆ, ಇನರ್ಷಿಯಾ ಕೋವಿಗೆ ಭಾರ ಹೇರುವಂತಿಲ್ಲ. ಮುಂದೆ ದೀಪ, ಪಕ್ಕದಲ್ಲಿ ತೋಟಾ ಪಟ್ಟಿ ಕಟ್ಟಿದರೆ ಒದೆತ ತಗ್ಗುತ್ತದೆ, ಒದೆತ ತಗ್ಗಿದರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ವಾಲ್‌ಮಾರ್ಟಿನ 100ರ ಪೊಟ್ಟಣದ ಅಗ್ಗದ ತೋಟಾ ಹಾಕಿದಾಗಂತೂ ಖಾಲಿ ತೋಟಾ ಕೋವಿಯ ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಜೋರಿನ ತೋಟಾ ಹಾಕಿದರೆ ಓಡುತ್ತಿತ್ತು, ಆದರೆ ಅದರ ಬೆಲೆಯೂ ಜೋರು, ಭುಜಕ್ಕೆ ಪೆಟ್ಟೂ ಜೋರು. ಕೋವಿಯಲ್ಲಿ ಉಳಿಸಿದ ದುಡ್ಡು ತೋಟಾಕ್ಕೆ ಹೋಯಿತು.

ಹಾಗಾಗಿ ಗ್ಯಾಸ್. ಬೆರೆಟಾ ಸ್ನೇಹಿತನದು, ಸ್ಕೀಟಿನಲ್ಲಿ ಇಬ್ಬರೂ ಅದಲು ಬದಲು ಮಾಡಿಕೊಂಡು ಹೊಡೆದೆವು. ನಳಿಗೆ 19.1 ಇಂಚು, ನಳಿಗೆಯ ಅಡಿಯಲ್ಲಿ ತೋಟಾ ತುಂಬಿಡುವ ಕೊಳವೆಯಲ್ಲಿ 7 ತೋಟಾ ಹಿಡಿಯುತ್ತದೆ, ಅಮೆರಿಕದ ಟೆನೆಸಿಯಲ್ಲೇ ತಯಾರಾಗುವುದು. ಒದೆತ ಮೆತ್ತಗೆ. ದೀಪ ಸಿಕ್ಕಿಸಲು ಮುಂದಿನ ಹಿಡಿಯಲ್ಲೇ ಸೀಳುಗಳನ್ನು ಮಾಡಿದ್ದಾರೆ. ಅಗ್ಗದ ತೋಟಾ ತಿಂದು ಜೀರ್ಣಿಸಿಕೊಂಡಿತು. ಯಾರಾದರೂ ಅದನ್ನೇ ಕೊಂಡರೆ ನಾನು ಬೇಡ ಅನ್ನುವುದಿಲ್ಲ.

ನನಗೆ ಅಡ್ಡಿಯಾಗಿದ್ದು ಸೇಫ್ಟಿ, ಅಂದರೆ ಈಡು ತಾನಾಗಿ ಹಾರದಂತೆ ತಡೆಯುವ ಚಿಲಕ, ಇರುವ ಜಾಗ. ಬೆರೆಟಾದಲ್ಲಿ ಅದು ಕುದುರೆಯ ಪಕ್ಕ, ಅಡ್ಡಕ್ಕೆ ಒತ್ತುವ ಗುಂಡಿ. ಮಾಸ್‌ಬರ್ಗಿನಲ್ಲಿ ಕೋವಿಯ ಬೆನ್ನ ಮೇಲೆ, ಹೆಬ್ಬೆರಳ ಅಡಿಯಲ್ಲೇ. ನಾನು ಕೊಡಗಿನವನು. ಕೈಲ್‌ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಕಲಿತಿದ್ದು ಅಪ್ಪನ ಜೋಡುನಳಿಗೆ ಕೋವಿಯಲ್ಲಿ, ಅದರ ಸೇಫ್ಟಿಯೂ ಬೆನ್ನ ಮೇಲೇ. ಕೋವಿ ಭುಜಕ್ಕೆ ಬರುವಾಗ ಹೆಬ್ಬೆರಳು ತಾನಾಗಿ ಮುಂದಕ್ಕೆ ಜಾರುತ್ತದೆ. ಬೆರೆಟಾ ಹಿಡಿದಾಗೆಲ್ಲ ಹೆಬ್ಬೆರಳು ಬರಿ ಲೋಹವನ್ನು ತಿಕ್ಕಿ, ಆಮೇಲೆ ತೋರುಬೆರಳು ಗುಂಡಿ ಹುಡುಕುತ್ತಿತ್ತು. ಅಷ್ಟರಲ್ಲಿ ಬಿಲ್ಲೆ ನೆಲಕ್ಕೆ. ಬಲಗೈಯವರಾಗಿ, ಹಳೆಯ ಅಭ್ಯಾಸ ಏನೂ ಇಲ್ಲದಿದ್ದರೆ ಇದು ವಿಷಯವೇ ಅಲ್ಲ. ನನ್ನ ಹೆಂಡತಿ ಎಡಗೈಯವಳು, ಅವಳಿಗೂ ಬೆನ್ನ ಮೇಲಿನದೇ ಅನುಕೂಲ.

ಸ್ವಚ್ಛ ಮಾಡುವ ವಿಷಯದಲ್ಲಿ ಗ್ಯಾಸ್ ಕೋವಿ ಹೊಲಸು. 1,500 ತೋಟಾ ತನಕ ಒರೆಸದೆ ಓಡಿಸಬಹುದು ಅಂತ ಮಾಸ್‌ಬರ್ಗ್ ಹೇಳುತ್ತದೆ. ನಾನು ಅಷ್ಟು ದೂರ ಬಿಡುವವನಲ್ಲ, ಕೈಯೆಲ್ಲ ಮಸಿ ಮಾಡಿಕೊಳ್ಳುತ್ತೇನೆ.

ಬೇಟೆಗೆ ಹೋಗುವವರಿಗೆ ಒಂದು ಮಾತು: ಬೆಳವ ಇಲ್ಲಿನ ಕಾನೂನಿನಲ್ಲಿ ವಲಸೆ ಹಕ್ಕಿ. ಕೊಳವೆಗೆ ಅಡ್ಡಕಡ್ಡಿ ತೂರಿಸಿ, ಕೋವಿಯಲ್ಲಿ ಒಟ್ಟು 3 ತೋಟಾಕ್ಕಿಂತ ಜಾಸ್ತಿ ಹಿಡಿಯದ ಹಾಗೆ ಮಾಡಬೇಕು. ಯಾವ ಕೋವಿಯಾದರೂ ಅಷ್ಟೇ.

ಮನೆಗಾದರೆ, ಇಲ್ಲಿನ ಒಳಗೋಡೆಗಳು ಡ್ರೈವಾಲ್, ಅಂದರೆ ಜಿಪ್ಸಮ್ ಹಲಗೆ. 00 ಬಕ್‌ಶಾಟ್ ತೋಟಾದ ದಪ್ಪ ಗುಂಡುಗಳು ಅದನ್ನು ಸಲೀಸಾಗಿ ದಾಟುತ್ತವೆ. ಮಕ್ಕಳ ಕೋಣೆ ಯಾವ ಕಡೆ ಅನ್ನೋದನ್ನು ಕೋವಿ ಆರಿಸುವ ಮೊದಲೇ ನೋಡಿಕೊಳ್ಳಿ. ಕೊಳವೆ ತುಂಬಿ, ನಳಿಗೆ ಖಾಲಿ ಇಟ್ಟು, ಪೆಟ್ಟಿಗೆಗೆ ಬೀಗ ಹಾಕುವುದು ನಮ್ಮ ಪದ್ಧತಿ. ತುಂಬಿದ ಕೋವಿ ಮಕ್ಕಳ ಕೈಗೆ ಸಿಗುವಂತೆ ಇಡುವುದು ಟೆಕ್ಸಸ್‌ನಲ್ಲಿ ಅಪರಾಧವೂ ಹೌದು.

ಕೊಳ್ಳುವ ಹಕ್ಕಿನ ಬಗ್ಗೆ ನಮ್ಮವರು ಕೇಳುತ್ತಲೇ ಇರುತ್ತಾರೆ. ಗ್ರೀನ್ ಕಾರ್ಡ್ ಇದ್ದರೆ ಅಂಗಡಿಯಲ್ಲಿ ಕೋವಿ ಕೊಳ್ಳುವವರ 4473 ಫಾರ್ಮ್ ತುಂಬಿ, ಹಿನ್ನೆಲೆ ತಪಾಸಣೆ ಮುಗಿದರೆ ಆಯಿತು. ಎಚ್-1ಬಿ ವೀಸಾದಲ್ಲಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು, ಆದರೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ.

400 ಡಾಲರಿಗಿಂತ ಜಾಸ್ತಿ ಹಾಕಲು ಆಗುವುದಿಲ್ಲ ಅನ್ನುವವರಿಗೆ ಆಟೋ ಆಸೆ ಬಿಡಿ ಅನ್ನುತ್ತೇನೆ. ಮಾವರಿಕ್ 88 ಪಂಪ್ ಕೋವಿ ತೆಗೆದುಕೊಳ್ಳಿ. ಅದನ್ನು ಓಡಿಸುವುದು ನಿಮ್ಮ ಕೈ. ಅಗ್ಗದ ತೋಟಾ, ದೀಪದ ಭಾರ, ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. ಉಳಿದ ದುಡ್ಡಿಗೆ ತೋಟಾ ಬರುತ್ತದೆ.

ಸಾವಿರ ಹಾಕಬಹುದಾದರೆ ಮಾಸ್‌ಬರ್ಗ್. ಇನ್ನೊಂದು ಕಾರಣ ಭುಜಕ್ಕೆ ಆನಿಸುವ ಹಿಂದಿನ ಹಿಡಿ. ನಡುವೆ ತೆಳು ತುಂಡುಗಳನ್ನು ಸೇರಿಸಿ, ತೆಗೆದು, ಅದರ ಉದ್ದವನ್ನು 12.5 ಇಂಚಿನಿಂದ 14.25 ಇಂಚಿನವರೆಗೆ ಮಾಡಿಕೊಳ್ಳಬಹುದು. ನಮ್ಮಲ್ಲಿ ಅದು ಹೆಂಡತಿಯ ಅಳತೆಗೇ ನಿಂತಿದೆ. ಹಿಡಿ ಉದ್ದವಾದರೆ ಕುಳ್ಳಗಿರುವವರು ಹೊಡೆಯುವುದೇ ಕಷ್ಟ, ತುಸು ಗಿಡ್ಡವಾದರೆ ನನ್ನಂಥವನು ಹೇಗೋ ನಿಭಾಯಿಸಬಹುದು.