1931ರ ಹೊಸ ದೆಹಲಿ: ರಾಷ್ಟ್ರಪತಿ ಭವನದ ಸಾರ್ವಜನಿಕ ವೀಕ್ಷಣೆ

ನ್ಯೂಯಾರ್ಕಿನಲ್ಲಿ ಶ್ರೀವ್, ಲ್ಯಾಂಬ್ ಅಂಡ್ ಹಾರ್ಮನ್ ಸಂಸ್ಥೆ ವಿನ್ಯಾಸ ಮಾಡಿದ 102 ಅಂತಸ್ತಿನ ಎಂಪೈರ್ ಸ್ಟೇಟ್ ಕಟ್ಟಡ ಬಾಗಿಲು ತೆರೆದದ್ದು 1931ರಲ್ಲಿ. ಪ್ಯಾರಿಸ್ ಸಮೀಪದ ಪ್ವಾಸಿಯಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆಯ ವಿಲ್ಲಾ ಸವಾಯ್ ಎಂಬ ಮನೆ ಪೂರ್ಣಗೊಂಡದ್ದೂ ಆಗಲೇ. ಉಕ್ಕು ಮತ್ತು ಕಾಂಕ್ರೀಟು ಜಗತ್ತಿನ ವಾಸ್ತುಶಿಲ್ಪವನ್ನು ಬದಲಿಸುತ್ತಿದ್ದ ಅದೇ ವರ್ಷದ ಫೆಬ್ರವರಿಯಲ್ಲಿ, ಕಲ್ಲು ಮತ್ತು ಇಟ್ಟಿಗೆಯಲ್ಲಿ ಕಟ್ಟಿದ ಹೊಸ ದೆಹಲಿಯ ಉದ್ಘಾಟನೆ ನಡೆಯಿತು. ಆ ನಗರದ ಶಿಖರವಾದ, ವಾಸ್ತುಶಿಲ್ಪಿ ಎಡ್ವಿನ್ ಲಟ್ಯೆನ್ಸ್ ವಿನ್ಯಾಸ ಮಾಡಿದ ವೈಸರಾಯ್ ಭವನವನ್ನು, ಅಂದರೆ ಇಂದಿನ ರಾಷ್ಟ್ರಪತಿ ಭವನವನ್ನು, ಆನ್‌ಲೈನಿನಲ್ಲಿ ಮುಂಗಡವಾಗಿ ಹೆಸರು ನೋಂದಾಯಿಸಿ, ಗುರುತಿನ ಚೀಟಿಯೊಂದಿಗೆ ಹೋಗಿ ಯಾರು ಬೇಕಾದರೂ ನೋಡಬಹುದು. ವಾಸ್ತುಶಿಲ್ಪದಲ್ಲಿ ಆಸಕ್ತಿಯಿರುವವರು ದೆಹಲಿಯಲ್ಲಿ ತಪ್ಪದೆ ನೋಡಬೇಕಾದದ್ದು ಇದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೋಟ ಆರಂಭವಾಗುವುದು ಪ್ರವೇಶದ್ವಾರದಲ್ಲಿ ಅಲ್ಲ, ಕರ್ತವ್ಯ ಪಥದಲ್ಲಿ. ಇಂಡಿಯಾ ಗೇಟ್ ಕಡೆಯಿಂದ ನಡೆದು ಬರುವವರಿಗೆ ದೂರದಲ್ಲಿ ಇಡಿಯಾಗಿ ಕಾಣುವ ಭವನ, ವಿಜಯ ಚೌಕ ತಲುಪುವಷ್ಟರಲ್ಲಿ ಏರುದಾರಿಯ ಹಿಂದೆ ಇಳಿದುಹೋಗಿ ಗುಮ್ಮಟ ಮಾತ್ರ ಉಳಿಯುತ್ತದೆ. ಅಕ್ಕಪಕ್ಕದ ನಾರ್ತ್ ಬ್ಲಾಕ್ ಮತ್ತು ಸೌತ್ ಬ್ಲಾಕ್‌ಗಳ ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್‌ನೊಂದಿಗೆ ಭವನವನ್ನು ಮರೆಮಾಡುವ ಈ ಇಳಿಜಾರಿನ ವಿಷಯದಲ್ಲಿ ಲಟ್ಯೆನ್ಸ್ ವರ್ಷಗಟ್ಟಲೆ ಜಗಳವಾಡಿದ, ಕೊನೆಗೂ ಸೋತ. ಆ ಸೋಲು ಎಂಥದ್ದು ಎಂಬುದು ಕಾಲ್ನಡಿಗೆಯಲ್ಲಿ ಬಂದವರಿಗಷ್ಟೇ ಅರ್ಥವಾಗುವುದರಿಂದ, ವಾಹನದಲ್ಲಿ ನೇರವಾಗಿ ದ್ವಾರಕ್ಕೆ ಹೋಗಬಾರದು.

340 ಕೋಣೆಗಳ ಈ ಕಟ್ಟಡದಲ್ಲಿ ಸಾರ್ವಜನಿಕರಿಗೆ ಕಾಣಸಿಗುವುದು ಕೆಲವು ಮುಖ್ಯ ಸಭಾಂಗಣಗಳು ಮಾತ್ರ, ಆದರೆ ಅಷ್ಟೇ ಸಾಕು. ಹಿಂದೆ ದರ್ಬಾರ್ ಹಾಲ್ ಎನಿಸಿಕೊಂಡಿದ್ದ ಗಣತಂತ್ರ ಮಂಟಪವು ದೊಡ್ಡ ಗುಮ್ಮಟದ ನೇರ ಕೆಳಗಿದೆ. ಹಳದಿ ಅಮೃತಶಿಲೆಯ ಕಂಬಗಳ ನಡುವೆ, ವೈಸರಾಯ್‌ನ ಸಿಂಹಾಸನವಿದ್ದ ಕಡೆ ಈಗ ಗುಪ್ತರ ಕಾಲದ ಬುದ್ಧನ ಪ್ರತಿಮೆ ನಿಂತಿದೆ. 1947ರ ಆಗಸ್ಟ್ 15ರಂದು ಸ್ವತಂತ್ರ ಭಾರತದ ಮೊದಲ ಸಚಿವ ಸಂಪುಟ ಪ್ರಮಾಣವಚನ ಸ್ವೀಕರಿಸಿದ್ದು ಇಲ್ಲಿಯೇ. ಅಲಂಕಾರ ಕಡಿಮೆ, ಅಳತೆಯ ಗಾಂಭೀರ್ಯ ಹೆಚ್ಚು. ಇದಕ್ಕೆ ಹೋಲಿಸಿದರೆ, ಹೆಚ್ಚಿನವರು ಬೆರಗಾಗುವ ಅಶೋಕ ಮಂಟಪ ನನಗೆ ಅಷ್ಟು ಹಿಡಿಸುವುದಿಲ್ಲ. ನೃತ್ಯಶಾಲೆಯಾಗಿದ್ದ ಆ ಕೋಣೆಯ ಚಾವಣಿಯಲ್ಲಿ ಪರ್ಷಿಯಾದ ದೊರೆ ಫತ್ ಅಲಿ ಶಾ ಬೇಟೆಯಾಡುವ ಚಿತ್ರವಿದೆ. ಸುತ್ತಲಿನ ಚಿತ್ರಣವೆಲ್ಲ ವೈಸರಾಯ್ ವಿಲ್ಲಿಂಗ್‌ಡನ್‌ನ ಪತ್ನಿ ಲೇಡಿ ವಿಲ್ಲಿಂಗ್‌ಡನ್ ಅನಂತರ ಬರೆಸಿದ್ದು. ಚಿತ್ರಗಾರಿಕೆ ಉತ್ತಮವಾಗಿದ್ದರೂ ಲಟ್ಯೆನ್ಸ್‌ನ ಸಂಯಮ ಅದರಡಿ ಮರೆಯಾಗಿದೆ.

ಆದ್ದರಿಂದ ಮುಂಭಾಗದ ಅಂಗಳದಲ್ಲಿ ಸಿಗುವ ಸಮಯವನ್ನು ಪೂರ್ತಿ ಬಳಸಿಕೊಳ್ಳಬೇಕು. ಸಾಂಚಿಯ ಸ್ತೂಪವನ್ನು ನೆನಪಿಸುವ ಗುಮ್ಮಟ, ಅದರ ಕೆಳಗಿನ ಕಲ್ಲಿನ ಕಟಾಂಜನ, ಇಡೀ ಕಟ್ಟಡವನ್ನು ಸುತ್ತುವರಿದು ಗೋಡೆಯ ಮೇಲೆ ಗಾಢವಾದ ನೆರಳಿನ ಗೆರೆ ಎಳೆಯುವ ಛಜ್ಜಾ ಎಂಬ ಹೊರಚಾಚಿದ ಕಲ್ಲಿನ ಸೂರು, ಕಂಬಗಳ ತಲೆಭಾಗವಾದ ಬೋದಿಗೆಯ ಮೂಲೆಗಳಲ್ಲಿ ತೂಗುವ ಕಲ್ಲಿನ ಗಂಟೆಗಳು, ಜೈಪುರದ ಮಹಾರಾಜರು ಕೊಡುಗೆಯಾಗಿ ನೀಡಿದ ಸ್ತಂಭ, ಇವನ್ನೆಲ್ಲ ಒಂದೊಂದಾಗಿ ನೋಡಬೇಕು. ಹೆನ್ರಿ ಇರ್ವಿನ್ ವಿನ್ಯಾಸದ ಮೈಸೂರು ಅರಮನೆ ಮುಗಿದ 1912ರಲ್ಲೇ ಲಟ್ಯೆನ್ಸ್ ದೆಹಲಿಯ ಕೆಲಸಕ್ಕೆ ಇಳಿದನು. ಅರಮನೆಯಲ್ಲಿ ಕಮಾನು, ಗುಮ್ಮಟ, ಕೆತ್ತನೆಗಳು ಒಂದರ ಪಕ್ಕ ಒಂದು ತುಂಬಿಕೊಂಡು ಹಬ್ಬದ ಸಂಭ್ರಮ ತರುತ್ತವೆ. ಭಾರತೀಯ, ಇಸ್ಲಾಮಿಕ್ ಮತ್ತು ಐರೋಪ್ಯ ಅಂಶಗಳನ್ನು ಬೆರೆಸುವ ಇಂಡೋ-ಸಾರ್ಸೆನಿಕ್ ಎಂಬ ಆ ಶೈಲಿಯನ್ನು ಮೆಚ್ಚದ ಲಟ್ಯೆನ್ಸ್, ಭಾರತೀಯ ಅಂಶಗಳಲ್ಲಿ ಕೆಲವನ್ನೇ ಆರಿಸಿ, ಬಿಸಿಲು ಮಳೆಗಳಿಗೆ ಒದಗುವಂತೆ ಕಟ್ಟಡದ ಮೈಗೆ ಬೆಸೆದನು. ಮೈಸೂರನ್ನು ಬಲ್ಲ ಕನ್ನಡಿಗರಿಗೆ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ.

ಸಮಯ ಉಳಿದರೆ ದೆಹಲಿ ಕಂಟೋನ್ಮೆಂಟಿನ ಸೇಂಟ್ ಮಾರ್ಟಿನ್ಸ್ ಚರ್ಚನ್ನೂ ನೋಡಬೇಕು. ಲಟ್ಯೆನ್ಸ್‌ನ ಸಹಾಯಕನಾಗಿದ್ದ ಆರ್ಥರ್ ಶೂಸ್ಮಿತ್ ಅದೇ ಹೊತ್ತಿನಲ್ಲಿ ಕಟ್ಟಿದ ಈ ಇಟ್ಟಿಗೆಯ ಚರ್ಚು, ಅಲಂಕಾರವೇ ಇಲ್ಲದ ದಪ್ಪ ಗೋಡೆಗಳಿಂದ, 1931ರ ದೆಹಲಿಯ ಕಟ್ಟಡಗಳಲ್ಲೆಲ್ಲ ಇಂದಿಗೂ ಹೊಸದಾಗಿ ಕಾಣುತ್ತದೆ.