ನಂದಿಯ ಮಂಜಿಗೆ ಒಂದು ಕ್ಯಾಮೆರಾ, ಮೈದನಹಳ್ಳಿಯ ಕೃಷ್ಣಮೃಗಕ್ಕೆ ಇನ್ನೊಂದು

ಬೆಳಗಿನ ಜಾವ ನಂದಿಬೆಟ್ಟದಲ್ಲಿ ಡಿಜಿಟಲ್ ಕ್ಯಾಮೆರಾದ ಆಟೋಫೋಕಸ್ (ತಾನೇ ಫೋಕಸ್ ಹಿಡಿಯುವ ವ್ಯವಸ್ಥೆ) ತಡಕಾಡುತ್ತದೆ. ದಟ್ಟ ಮಂಜಿನಲ್ಲಿ ಅದಕ್ಕೆ ಹಿಡಿದುಕೊಳ್ಳಲು ಅಂಚೇ ಸಿಗುವುದಿಲ್ಲ. ಪೆಂಟ್ಯಾಕ್ಸ್ ಕೆ1000ನಂಥ, ಎಲ್ಲವನ್ನೂ ಕೈಯಿಂದಲೇ ಹೊಂದಿಸುವ ಹಳೆಯ ಮ್ಯಾನ್ಯುಯಲ್ ಫಿಲ್ಮ್ ಕ್ಯಾಮೆರಾದಲ್ಲಿ ಫೋಕಸ್ ಉಂಗುರವನ್ನು ಅನಂತದ (∞, ಬಹುದೂರದ) ಗುರುತಿಗೆ ತಿರುಗಿಸಿಟ್ಟರೆ ಮುಗಿಯಿತು. ಡಿಜಿಟಲ್‌ನಲ್ಲೂ ಆಟೋಫೋಕಸ್ ಆಫ್ ಮಾಡಬಹುದು, ನಿಜ. ಆದರೆ ಈಗಿನ ಎಷ್ಟೋ ಲೆನ್ಸ್‌ಗಳ ಉಂಗುರ ಕೊನೆಯಿಲ್ಲದೆ ಸುತ್ತುತ್ತದೆ, ಬೆರಳಿಗೆ ಅಂದಾಜು ಸಿಗದು.

ಮಂಜನ್ನು ಬೂದಿಬಣ್ಣವಾಗಿಸುವ ಚಾಳಿ ಎರಡೂ ಕ್ಯಾಮೆರಾಗಳ ಬೆಳಕಳೆಯುವ ಮೀಟರ್‌ಗೂ ಇದೆ. ಕೆ1000ನಲ್ಲಿ ಮೀಟರ್ 1/250 ಸೆಕೆಂಡ್ ಎಂದರೆ ನೀವು 1/125 ಇಡಿ, ಬೆಳಕು ಎರಡರಷ್ಟು ಬೀಳುತ್ತದೆ. ಆಟೋ ಡಿಜಿಟಲ್‌ನಲ್ಲಿ ಅದಕ್ಕೆ ಕಾಂಪೆನ್ಸೇಶನ್ (ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) +1. ಮತ್ತೆ ಸೊನ್ನೆಗೆ ತರಲು ಮರೆತರೆ ಬಿಸಿಲೇರಿದ ಮೇಲಿನ ಚಿತ್ರಗಳೆಲ್ಲ ಬೆಳ್ಳಗೆ.

ಕೆ1000ಗೆ ಗುಂಡಿ ಸೆಲ್ ಬೇಕಿರುವುದು ಮೀಟರ್‌ಗೆ ಮಾತ್ರ, ಶಟರ್ ಯಾಂತ್ರಿಕ. ಮೀಟರ್‌ಗೆ ಆಫ್ ಸ್ವಿಚ್ ಇಲ್ಲ, ಲೆನ್ಸ್‌ಗೆ ಮುಚ್ಚಳ ಹಾಕದಿದ್ದರೆ ಸೆಲ್ ಖಾಲಿ. ಆಗಲೂ ಕೆಲಸ ನಿಲ್ಲದು: ಕೋಲಾರದ ನಡುಹಗಲ ಬಿಸಿಲಿಗೆ 100 ಐಎಸ್‌ಒ (ಬೆಳಕಿನ ಸಂವೇದನೆಯ ಅಳತೆ) ಫಿಲ್ಮ್, ಲೆನ್ಸ್ ಕಿಂಡಿ ಎಫ್/16, ಶಟರ್ 1/125 ಸೆಕೆಂಡ್.

ಹಳೆಯದನ್ನು ಕೊಳ್ಳುವಾಗ ಹಿಂಬಾಗಿಲ ಸ್ಪಂಜು ಮುಟ್ಟಿ ನೋಡಿ. ಅಂಟಂಟಾಗಿ ಪುಡಿಯಾದರೆ ಬೆಳಕು ನುಸುಳುತ್ತದೆ. ಶಟರ್ ವೇಗವನ್ನು 1 ಸೆಕೆಂಡ್‌ಗೆ ಇಟ್ಟು ಒತ್ತಿ. ಶಟರ್ ಎಳೆದಾಡಿದರೆ ಒಳಗಿನ ಎಣ್ಣೆ ಗಟ್ಟಿಯಾಗಿರಬಹುದು. ರಿಪೇರಿ ಖರ್ಚು ಸೇರಿಸಿಯೇ ಚೌಕಾಸಿ ಮಾಡಿ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಓಡುವ ಕೃಷ್ಣಮೃಗ ಬೇಕೇ? ವಾದವೇ ಬೇಡ, ಆಟೋಫೋಕಸ್‌ನ ಡಿಜಿಟಲ್ ಕ್ಯಾಮೆರಾ ಕೊಳ್ಳಿ. 36 ಚಿತ್ರದ ಫಿಲ್ಮ್ ರೋಲು ಬೇಗನೆ ಮುಗಿದೀತು.